ಟೆಸ್ಟ್ ಶಾಟ್

ಕೆಲವರಿಗೆ ಮುಖ ಕಂಡರೆ ಮುಖವೇ ಕಾಣುತ್ತದೆ. ಕುಶಾಲನಗರದ ಫೋಟೋಗ್ರಾಫರ್ ಸುದೀಪನಿಗೆ ಮಾತ್ರ ಮುಖ ಕಂಡ ತಕ್ಷಣ ರಿಪೇರಿ ಕಾಣುತ್ತಿತ್ತು. ಮದುವೆ ಮನೆಯ ಪಂಕ್ತಿಯಲ್ಲಿ ಎದುರಿಗೆ ಕೂತವರ ಜೋಡಿ ಗಲ್ಲ, ಬಸ್ಸಿನಲ್ಲಿ ಪಕ್ಕದವರ ಸೊಟ್ಟ ಮೂಗು, ಬ್ಯಾಂಕಿನ ಮ್ಯಾನೇಜರರ ಒಂದು ಕಣ್ಣು ಇನ್ನೊಂದಕ್ಕಿಂತ ಚಿಕ್ಕದಾಗಿರುವುದು, ಯಾವುದೂ ಅವನಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಚಿಕ್ಕ ಕಣ್ಣಿನ ಕಡೆಯನ್ನು ಕ್ಯಾಮೆರಾಗೆ ಹತ್ತಿರ ತರಬೇಕು, ಜೋಡಿ ಗಲ್ಲದವರು ಆಮೆಯ ಹಾಗೆ ಕತ್ತು ಮುಂದಕ್ಕೆ ಚಾಚಿ ಆಮೇಲೆ ಚೂರು ತಗ್ಗಿಸಬೇಕು ಎಂದು ತಲೆ ತನ್ನ ಪಾಡಿಗೆ ತಾನು ಪರಿಹಾರ ಹೇಳಿಕೊಳ್ಳುತ್ತಿತ್ತು. ತುತ್ತು ಬಾಯಿಗಿಡುವಷ್ಟರಲ್ಲಿ ಎದುರಿನವರ ಮುಖವನ್ನು ಒಮ್ಮೆ ಬಿಚ್ಚಿ ಜೋಡಿಸಿ ಮುಗಿಸಿರುತ್ತಿದ್ದ.

ಈ ವಿದ್ಯೆಯನ್ನು ಮುಚ್ಚಿಟ್ಟುಕೊಳ್ಳುವ ಜಿಪುಣತನ ಅವನಲ್ಲಿರಲಿಲ್ಲ. ‘ಬೆಳಕಿನ ಪಾಠ’ ಅಂತ ಇನ್‌ಸ್ಟಾಗ್ರಾಮಿನಲ್ಲಿ ಒಂದು ಪೇಜ್ ತೆರೆದು ಅಚ್ಚ ಕನ್ನಡದಲ್ಲಿ, ಅಂದರೆ ನಾಲ್ಕು ಮಾತಿಗೆ ಎರಡು ಇಂಗ್ಲಿಷ್ ಬೆರೆಸಿದ ನಮ್ಮ ಕಡೆಯ ಅಚ್ಚ ಕನ್ನಡದಲ್ಲಿ, ವಾರಕ್ಕೆರಡು ರೀಲ್ ಹಾಕುತ್ತಿದ್ದ. ಸಾಫ್ಟ್‌ಬಾಕ್ಸ್ ಕೊಳ್ಳಲಾಗದವರು ಕಿಟಕಿಗೆ ತೆಳ್ಳನೆಯ ಬಿಳಿ ಪಂಚೆ ಕಟ್ಟಿ, ಬೆಳಕು ತಾನೇ ಮೆತ್ತಗಾಗುತ್ತದೆ. ರಿಫ್ಲೆಕ್ಟರ್ ಬದಲು ಥರ್ಮೋಕೋಲ್ ಹಾಳೆ ಸಾಕು. ಮೊಬೈಲನ್ನು ಮುಖಕ್ಕೆ ತೀರಾ ಹತ್ತಿರ ಹಿಡಿದರೆ ಮೂಗು ಆಲೂಗಡ್ಡೆಯಾಗುತ್ತದೆ, ಎರಡು ಹೆಜ್ಜೆ ಹಿಂದೆ ಸರಿದು ಜೂಮ್ ಮಾಡಿ. ಕೈ ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುವವರ ಕೈಗೆ ಸೆರಗಿನ ತುದಿ ಕೊಡಿ. ಎಲ್ಲವೂ ಉಪಯೋಗಕ್ಕೆ ಬರುವ ಮಾತೇ. ಪಾಲಿಬೆಟ್ಟದ ಯಾವುದೋ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಒಬ್ಬರು ‘ನಿಮ್ಮ ರೀಲ್ ನೋಡಿ ಮಗಳ ಫೋಟೋ ತೆಗೆದೆ’ ಎಂದು ಮೆಸೇಜ್ ಕಳಿಸಿದಾಗ ಸುದೀಪ ಅದನ್ನು ಕಂಡಕಂಡವರಿಗೆ ತೋರಿಸಿದ್ದ. ಮೆಚ್ಚುಗೆ ಎಂದರೆ ಅವನಿಗೆ ಪ್ರಾಣ. ಆ ಚಟವೇ ಅವನನ್ನು ಕೆಡಿಸಿತು ಎನ್ನಬಹುದಿತ್ತು. ಆದರೆ ತಪ್ಪನ್ನು ಚಟದ ತಲೆಗೆ ಕಟ್ಟಿದರೆ ಮನುಷ್ಯ ಸುಲಭವಾಗಿ ಪಾರಾಗಿಬಿಡುತ್ತಾನೆ, ಅದಾಗಬಾರದು.

ನವೆಂಬರ್ ಮೊದಲ ವಾರ. ಸೋಮವಾರ ಬೆಳಿಗ್ಗೆ ಅಕ್ಕಿರೊಟ್ಟಿಯ ತಟ್ಟೆಯ ಪಕ್ಕ ಫೋನ್ ಒರಗಿಸಿಕೊಂಡು ಕೂತವನಿಗೆ ರೊಟ್ಟಿಯ ರುಚಿಯೇ ತಿಳಿಯಲಿಲ್ಲ. ಶನಿವಾರ ಹಾಕಿದ ರೀಲ್ ಒಂದು ಲಕ್ಷ ಹತ್ತು ಸಾವಿರ ಜನರನ್ನು ದಾಟಿತ್ತು. ‘ಮುಖದ ದೋಷ ಮುಚ್ಚುವ ಲೈಟಿಂಗ್’ ಎಂಬುದು ಅದರ ಹೆಸರು. ಮೊದಲು ಒಂದು ಹೆಣ್ಣಿನ ಫೋಟೋ, ನೇರ ಫ್ಲ್ಯಾಶಿನಲ್ಲಿ ಚಪ್ಪಟೆಯಾಗಿ ತೆಗೆದದ್ದು. ಎಡ ದವಡೆಯಿಂದ ಕಿವಿಯ ಬುಡದವರೆಗೆ ಸುಟ್ಟ ಕಲೆ ಎದ್ದು ಕಾಣುತ್ತದೆ. ಕಲೆಯ ಸುತ್ತ ಒಂದು ಕೆಂಪು ವೃತ್ತ ಬಂದು ನಿಲ್ಲುತ್ತದೆ. ಆಮೇಲೆ ಟಣ್ ಎಂಬ ಸದ್ದು, ಅದೇ ಹೆಣ್ಣು, ಬಲಗಡೆಯಿಂದ ಮೆದು ಬೆಳಕು, ಎಡಗಡೆ ಹಾಯಾದ ನೆರಳು, ಕಲೆ ಮಾಯ. ಹಿಂದಿನಿಂದ ಸುದೀಪನ ದನಿ: “ಫ್ರೆಂಡ್ಸ್, ಈ ಮುಖದಲ್ಲಿ ದೊಡ್ಡ ದೋಷ ಎಲ್ಲಿದೆ? ಸರಿಯಾಗಿ ನೋಡಿ. ಇದನ್ನ ಹೇಗೆ ಮುಚ್ಚಿದೆ ಅಂತ ಹೇಳ್ತೀನಿ.”

ಹೆಂಡತಿ ಪ್ರಿಯಾ ಚಟ್ನಿ ಬಡಿಸಲು ಬಂದವಳು ಬಗ್ಗಿ ನೋಡಿದಳು. ಬಡಿಸುವ ಸೌಟು ಅಲ್ಲೇ ನಿಂತಿತು.

“ರೀ, ಇದು ಧನು ಅಲ್ವಾ?”

“ಯಾವ ಧನು?” ಎಂದ ಸುದೀಪ. ಗೊತ್ತಿದ್ದೂ ಕೇಳಿದ ಪ್ರಶ್ನೆ ಅದು.

“ನಿಮ್ಮೂರ ಹುಚ್ಚಮ್ಮನವರ ಮಗಳು. ಆ ಕಾಲರ್ ನೋಡ್ರೀ, ನನ್ನ ಬ್ಲೌಸಿಗೂ ಅವಳೇ ಅಲ್ವಾ ಇಟ್ಟುಕೊಟ್ಟಿದ್ದು.”

“ಕಣ್ಣಿಗೆ ಕಪ್ಪು ಪಟ್ಟಿ ಹಾಕಿದೀನಲ್ಲ, ಯಾರಿಗೆ ಗೊತ್ತಾಗುತ್ತೆ?”

“ಮೊದಲನೇದಕ್ಕೆ ಹಾಕಿದೀರ. ಎರಡನೇದಕ್ಕೆ?”

ಎರಡನೆಯದಕ್ಕೆ ಹಾಕಿರಲಿಲ್ಲ. ಎರಡನೆಯದು ಚೆನ್ನಾಗಿ ಬಂದ ಫೋಟೋ, ಚೆನ್ನಾಗಿ ಬಂದದ್ದನ್ನು ಮುಚ್ಚಲು ಯಾವ ಫೋಟೋಗ್ರಾಫರನಿಗೆ ಮನಸ್ಸು ಬರುತ್ತದೆ? ಅದೂ ಅಲ್ಲದೆ ಆ ಫೋಟೋ ಧನುಶ್ರೀಯ ಪೇಜಿನಲ್ಲಿ ಆರು ತಿಂಗಳಿಂದ ಎಲ್ಲರ ಕಣ್ಣಿಗೂ ಬಿದ್ದದ್ದು. ಕಳ್ಳನೊಬ್ಬ ಮುಖಕ್ಕೆ ಟವೆಲ್ ಸುತ್ತಿಕೊಂಡು ಬಂದು ಹೋಗುವಾಗ ತನ್ನ ಹೆಸರು ಹೇಳಿ ಹೋದ ಹಾಗಾಗಿತ್ತು. ಎಡಿಟ್ ಮಾಡುವಾಗ ಸುದೀಪನಿಗೆ ಇದು ಹೊಳೆದೇ ಇರಲಿಲ್ಲ, ಹೊಳೆಯುವಷ್ಟು ಹೊತ್ತು ಅವನು ಅದರ ಮೇಲೆ ಕೂತಿರಲೂ ಇಲ್ಲ.

ಪ್ರಿಯಾ ಅವನ ಕೈಯಿಂದ ಫೋನ್ ತೆಗೆದುಕೊಂಡು ಕಮೆಂಟುಗಳನ್ನು ಒಂದೊಂದಾಗಿ ಓದುತ್ತಾ ಹೋದಳು. ಮೊದಲು ಜೋರಾಗಿ ಓದುತ್ತಿದ್ದವಳು ಆಮೇಲೆ ಮನಸ್ಸಿನಲ್ಲೇ ಓದಿಕೊಂಡಳು. ಒಂದು ಕಡೆ ಬೆರಳು ನಿಲ್ಲಿಸಿ ಫೋನನ್ನು ಅವನ ತಟ್ಟೆಯ ಪಕ್ಕ ಇಟ್ಟಳು. ‘ಮೊದಲನೇದು ದೆವ್ವ, ಎರಡನೇದು ದೇವಿ’ ಎಂದು ಯಾರೋ ಬರೆದಿದ್ದ. ಅದರ ಪಕ್ಕದಲ್ಲಿ ಒಂದು ಕೆಂಪು ಹಾರ್ಟ್ ಇತ್ತು. ಅದನ್ನು ಒತ್ತಿದವನು ಸುದೀಪ. ಯಾರೇನು ಬರೆದರೂ ಹಾರ್ಟ್ ಒತ್ತಿದರೆ ರೀಲ್ ಇನ್ನಷ್ಟು ಜನರಿಗೆ ಹೋಗುತ್ತದೆಂದು ಎಲ್ಲೋ ಕೇಳಿದ್ದ, ಓದದೆಯೇ ಮುನ್ನೂರು ಹಾರ್ಟ್ ಒತ್ತಿದ್ದ.

“ನಾನು ಓದಿರಲಿಲ್ಲ ಮಾರಾಯ್ತಿ,” ಎಂದ.

“ಅದನ್ನ ಅವಳಿಗೆ ಹೇಳಿ,” ಎಂದು ಪ್ರಿಯಾ ಒಳಗೆ ಹೋದಳು.

ಸುದೀಪ ರೀಲ್ ಅಳಿಸಿದ. ಅಳಿಸುವಾಗ ಬೆರಳು ಒಂದು ಕ್ಷಣ ತಡೆಯಿತು, ಒಂದು ಲಕ್ಷ ಹತ್ತು ಸಾವಿರ ಹೋಗುತ್ತದಲ್ಲ ಎಂದು. ಆ ಒಂದು ಕ್ಷಣವನ್ನು ಅವನು ಆಮೇಲೆ ಎಷ್ಟೋ ಸಲ ನೆನೆದು ನೆನೆದು ನಾಚಿದ. ಅಳಿಸಿಯೂ ಪ್ರಯೋಜನವೇನೂ ಆಗಲಿಲ್ಲ. ಸಂಜೆ ಹೊತ್ತಿಗೆ ಊರಿನ ಹಾಲಿನ ಡೈರಿಯ ವಾಟ್ಸಾಪ್ ಗುಂಪಿನಲ್ಲಿ ಅದೇ ವಿಡಿಯೋ ಬಂದು ಕೂತಿತ್ತು, ಕೆಂಪು ವೃತ್ತದ ಸಮೇತ.

ಧನುಶ್ರೀ ಯಾರೆಂದು ಹೇಳಬೇಕು. ಹಾಸನದ ಕಡೆಯಿಂದ ಅಜ್ಜಂದಿರ ಕಾಲದಲ್ಲಿ ಬಂದು ಕುಶಾಲನಗರದ ಸುತ್ತ ನೆಲೆಯೂರಿದ ಮನೆತನಗಳಲ್ಲಿ ಅವಳದೂ ಒಂದು, ಸುದೀಪನದೂ ಒಂದು. ಊರಿನಲ್ಲಿ ಎರಡು ಮನೆಗೂ ನಡುವೆ ಒಂದೇ ಬೇಲಿ, ಸ್ಟುಡಿಯೋಗಾಗಿ ಸುದೀಪ ಆಮೇಲೆ ಪೇಟೆಗೆ ಬಂದು ನೆಲೆಸಿದ್ದ. ನಾಲ್ಕು ವರ್ಷದವಳಿದ್ದಾಗ ಬಚ್ಚಲ ಹಂಡೆಯ ಕುದಿನೀರು ಚೆಲ್ಲಿ ದವಡೆ, ಕುತ್ತಿಗೆ ಸುಟ್ಟಿತು. ಅಪ್ಪ ಕೆಂಪಣ್ಣ ಹೋದ ಮೇಲೆ ಹೊಲಿಗೆ ಕಲಿತಳು. ಕುತ್ತಿಗೆಯ ಕಲೆ ಕಾಣದಿರಲೆಂದು ತನಗಾಗಿ ತಾನೇ ಎತ್ತರದ ಕಾಲರಿನ ಬ್ಲೌಸ್ ಹೊಲಿದುಕೊಂಡಳು. ಅದನ್ನು ನೋಡಿದವರು ತಮಗೂ ಬೇಕೆಂದರು. ಸಿದ್ದಾಪುರ, ವಿರಾಜಪೇಟೆಯಿಂದೆಲ್ಲ ಬಟ್ಟೆ ಹುಡುಕಿಕೊಂಡು ಬರತೊಡಗಿತು. ಈಗ ಇಪ್ಪತ್ತೇಳು ವರ್ಷ, ಮನೆಯಲ್ಲೇ ಐದು ಹೆಣ್ಣುಮಕ್ಕಳಿಗೆ ಹೊಲಿಗೆ ಹೇಳಿಕೊಡುತ್ತಾಳೆ. ಬ್ಲೌಸುಗಳನ್ನು ತಾನೇ ತೊಟ್ಟು ಫೋಟೋ ಹಾಕುತ್ತಿದ್ದಳು, ಆದರೆ ಮೂರು ವರ್ಷ ಒಂದರಲ್ಲೂ ಮುಖವಿರಲಿಲ್ಲ. ಎಲ್ಲದರಲ್ಲೂ ಬರೀ ಬೆನ್ನು.

ಅವಳನ್ನು ಈ ಕಡೆ ತಿರುಗಿಸಿದವನು ಸುದೀಪ. ಅದನ್ನೂ ಇಲ್ಲವೆನ್ನಬಾರದು. ಮೇ ತಿಂಗಳಲ್ಲಿ ಸ್ಟುಡಿಯೋಗೆ ಕರೆದು, ಬಲಗಡೆ ಸಾಫ್ಟ್‌ಬಾಕ್ಸ್ ಇಟ್ಟು, ಎಡಗಡೆ ಬೆಳಕು ಮರಳಿ ಬಡಿಯದಂತೆ ಸ್ಟ್ಯಾಂಡಿಗೆ ಕರಿ ಬಟ್ಟೆ ಕಟ್ಟಿದ. ದೂರದಿಂದಲೇ ಮುಖ ಹಿಡಿಯುವ ಎಂಬತ್ತೈದರ ಲೆನ್ಸ್ ಹಾಕಿ ಹಿಂದೆ ನಿಂತ, ಹತ್ತಿರ ಬಂದರೆ ಅವಳು ಮುದುಡುತ್ತಾಳೆಂದು. ಮೊದಲು ಒಂದು ಟೆಸ್ಟ್ ಶಾಟ್. ಅದು ಈ ಕಸುಬಿನ ಪದ್ಧತಿ. ಏನನ್ನು ಸರಿಪಡಿಸಬೇಕೆಂದು ತಿಳಿಯಲು ನೇರ ಬೆಳಕಿನಲ್ಲಿ ಒಂದನ್ನು ಹಾಗೇ ತೆಗೆಯುತ್ತಾರೆ. ಫ್ಲ್ಯಾಶ್ ಹೊಡೆದ ಮೇಲೆ ಅವಳ ಕೈ ತಾನಾಗಿ ದವಡೆಗೆ ಹೋಯಿತು.

“ಅದನ್ನ ಅಳಿಸಿಬಿಡ್ತೀಯಲ್ವಾ ಸುದೀಪಣ್ಣ?”

“ಆಗಲೇ ಅಳಿಸಾಯ್ತು. ಏನೂ ಇಲ್ಲ ಬಿಡು ಧನು, ಎಲ್ಲ ಬೆಳಕಿನ ವಿಷಯ ಅಷ್ಟೆ. ಎಡ ಭುಜ ಚೂರು ಮುಂದೆ ತಾ. ಗಲ್ಲ ಮುಂದೆ, ಕೆಳಗೆ. ಹಾಂ. ಈಗ ನಿಮ್ಮವ್ವ ನಿನ್ನೆ ಯಾರನ್ನ ಬಯ್ದರು ಹೇಳು.”

ಅವಳು ನಕ್ಕಳು. ಅದೇ ಫೋಟೋ. ಕ್ಯಾಮೆರಾದ ಪರದೆಯಲ್ಲಿ ಅವಳು ಅದನ್ನು ದೊಡ್ಡದು ಮಾಡಿ ಮಾಡಿ ನೋಡಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, “ನಾನು ಹಿಂಗಿದೀನಾ?” ಎಂದಳು. ಸುದೀಪನಿಗೂ ಅವತ್ತು ಹಿಗ್ಗೋ ಹಿಗ್ಗು. ಅವತ್ತಿನ ಆ ಭಾವ ಸುಳ್ಳಲ್ಲ. ಟೆಸ್ಟ್ ಶಾಟ್ ಅಳಿಸಿದೆನೆಂದದ್ದು ಮಾತ್ರ ಸುಳ್ಳು. ಬೇಕೆಂದು ಹೇಳಿದ ಸುಳ್ಳೂ ಅಲ್ಲ, ಆಮೇಲೆ ಅಳಿಸಿದರಾಯಿತು ಎಂದು ಬಾಯಿಗೆ ಬಂದದ್ದು ಹೇಳಿದ್ದ, ಆಮೇಲೆ ಮರೆತಿದ್ದ. ಆರು ತಿಂಗಳಾದ ಮೇಲೆ ಒಂದು ಪಾಠಕ್ಕೆ ಉದಾಹರಣೆ ಹುಡುಕುವಾಗ ಹಳೇ ಫೋಲ್ಡರಿನಲ್ಲಿ ಅದು ಸಿಕ್ಕಿತು. ಸಿಕ್ಕಾಗ ಅವನಿಗಾದದ್ದು ಖುಷಿ. ಇಷ್ಟು ಚೆನ್ನಾದ ‘ಮೊದಲು’ ಯಾರ ಬಳಿ ಇರುತ್ತದೆ ಎಂಬ ಖುಷಿ.

ಈಗ ಆ ಖುಷಿಯೇ ಎದೆಗೆ ಒದೆಯುತ್ತಿತ್ತು. ಯಾಕೆಂದರೆ ಬರುವ ಶುಕ್ರವಾರ ಇನ್ನೊಂದು ಕೆಲಸ ಕಾದಿತ್ತು. ಮಡಿಕೇರಿಯಲ್ಲಿ ಸೀರೆ ಅಂಗಡಿ ಇಟ್ಟಿರುವ ವನಜಮ್ಮ ಧನುಶ್ರೀಯ ಮೇ ತಿಂಗಳ ಫೋಟೋ ನೋಡಿ ಮರುಳಾಗಿದ್ದರು. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಅಂಗಡಿಯ ಮುಂದೆ ದೊಡ್ಡ ಬ್ಯಾನರ್ ಹಾಕಬೇಕು, ಕೊಡಗಿನ ಕ್ರಮದಲ್ಲಿ ಉಟ್ಟ ಸೀರೆ, ಧನುಶ್ರೀ ಹೊಲಿದ ಬ್ಲೌಸ್, ತೊಟ್ಟು ನಿಲ್ಲುವವಳೂ ಅವಳೇ. “ಬೆಂಗಳೂರಿನ ಮಾಡೆಲ್ ನಂಗೆ ಬೇಡ. ಈ ಹುಡುಗಿಯ ನಗು ಬೇಕು,” ಎಂದಿದ್ದರು. ಧನುಶ್ರೀ ಹದಿನೈದು ದಿನ ಯೋಚಿಸಿದ್ದಳು. ಕೊನೆಗೆ ಫೋನ್ ಮಾಡಿ, “ನೀನೇ ತೆಗೆಯೋದಾದ್ರೆ ಮುಖ ಕೊಡ್ತೀನಿ ಅಣ್ಣ,” ಎಂದಿದ್ದಳು. ಇಪ್ಪತ್ತು ಅಡಿ ಬ್ಯಾನರಿನಲ್ಲಿ ಮುಖ ಎತ್ತಿ ನಿಲ್ಲಲು ಒಪ್ಪಿದ ಹುಡುಗಿ ಈ ವಿಡಿಯೋ ನೋಡಿದಳೆಂದರೆ ಆ ಬ್ಯಾನರಿನ ಮಾತಿರಲಿ, ಮನೆಯ ಹೊಸಿಲನ್ನಾದರೂ ದಾಟುತ್ತಾಳೋ ಇಲ್ಲವೋ.

ಹೋಗಿ ಕಾಲಿಗೆ ಬೀಳಬೇಕಿತ್ತು. ಸೋಮವಾರ ಸಂಜೆಯೇ ಹೋಗಬೇಕಿತ್ತು. ಸುದೀಪ ಸೋಮವಾರ ಗಾಳಿಬೀಡಿನಲ್ಲಿ ಮದುವೆಗೆ ಮುಂಚಿನ ಶೂಟ್ ಇದೆಯೆಂದುಕೊಂಡ. ಶೂಟ್ ಇದ್ದದ್ದು ನಿಜ, ಅದು ಮಧ್ಯಾಹ್ನಕ್ಕೇ ಮುಗಿದದ್ದೂ ನಿಜ. ಅಲ್ಲಿ ಮದುಮಗನ ಮುಖದ ಮೇಲಿನ ಮೊಡವೆಗಳನ್ನು ನೋಡಿ ಅಭ್ಯಾಸಬಲದಿಂದ ಬೆಳಕು ತಿರುಗಿಸಹೋದವನು ಅದನ್ನು ಇದ್ದಲ್ಲೇ ಬಿಟ್ಟ. ಮಂಗಳವಾರ ಬೆಳಿಗ್ಗೆ ಧನುಶ್ರೀಯಿಂದಲೇ ಮೆಸೇಜ್ ಬಂತು: ‘ಅಣ್ಣ, ಶುಕ್ರವಾರ ಎಷ್ಟು ಗಂಟೆಗೆ?’ ಅಷ್ಟೇ. ಆ ನಾಲ್ಕು ಪದವನ್ನು ಅವನು ಹತ್ತು ಸಲ ಓದಿದ. ಕೋಪವಿದೆಯೇ ಎಂದು ಹುಡುಕಿದ, ಇರಲಿಲ್ಲ. ‘ಹತ್ತಕ್ಕೆ’ ಎಂದು ಉತ್ತರಿಸಿ ಫೋನನ್ನು ಡ್ರಾಯರಿನೊಳಗೆ ಹಾಕಿದ. ಮನೆಯಲ್ಲಿ ಪ್ರಿಯಾ “ಹೋದ್ರಾ?” ಎಂದು ಕೇಳುತ್ತಿದ್ದಳು. ಬುಧವಾರದ ಹೊತ್ತಿಗೆ ಕೇಳುವುದನ್ನೂ ಬಿಟ್ಟಳು. ಹೆಂಡತಿ ಕೇಳುವುದನ್ನು ಬಿಟ್ಟ ಮೇಲೆ ಮನೆಯಲ್ಲಿ ಕೂರಲಾಗದೆ ಅವನು ಸ್ಕೂಟರ್ ಹತ್ತಿದ.

ಧನುಶ್ರೀ ಮನೆಯಲ್ಲಿರಲಿಲ್ಲ, ಹೊಲಿದ ಬಟ್ಟೆ ತಲುಪಿಸಲು ಸಿದ್ದಾಪುರಕ್ಕೆ ಹೋಗಿದ್ದಳು. ಹುಚ್ಚಮ್ಮ ಜಗಲಿಯಲ್ಲಿ ಕೂತು ಮುಸುಕಿನ ಜೋಳ ಬಿಡಿಸುತ್ತಿದ್ದಳು. ಸ್ಕೂಟರಿನ ಸದ್ದಿಗೆ ತಲೆಯೆತ್ತಿ ನೋಡಿ, ಮತ್ತೆ ತೆನೆಗೆ ಕೈ ಹಾಕಿದಳು. ಬಂದವರಿಗೆಲ್ಲ ಮೊದಲು ಕಾಫಿ ಎನ್ನುವ ಹೆಂಗಸು ಅವತ್ತು ಕಾಫಿಯ ಸುದ್ದಿ ಎತ್ತಲಿಲ್ಲ.

“ಕೂತ್ಕ,” ಎಂದಳು.

ಸುದೀಪ ಮೆಟ್ಟಿಲ ಮೇಲೆ ಕೂತ. ಸಣ್ಣವನಿದ್ದಾಗ ಈ ಮೆಟ್ಟಿಲ ಮೇಲೆ ಎಷ್ಟೋ ಸಲ ಕೂತು ಹುರಿದ ಜೋಳ ತಿಂದಿದ್ದ. ಈಗ ಅಲ್ಲಿ ಕೂರಲು ತನಗೆ ಹಕ್ಕಿಲ್ಲವೆನಿಸಿತು.

“ಚಿಕ್ಕವ್ವ, ನಾನು...”

“ನೋಡ್ದೆ ಕಣಪ್ಪ. ಡೈರಿ ಶಾಂತಪ್ಪ ಹಾಲು ಅಳೆಯಾಕೆ ಹೋದಾಗ ಫೋನ್ ಮುಂದೆ ಹಿಡ್ದ. ನಿನ್ ಮಗಳು ಬಂದವಳೆ ನೋಡು ಹುಚ್ಚಮ್ಮ ಅಂದ. ನಾನು ಟಿವಿನಾಗೆ ಬಂದವಳೇನೋ ಅಂತ ನಗ್ತಾ ನೋಡ್ದೆ.” ಒಂದು ತೆನೆ ಮುಗಿಸಿ ಇನ್ನೊಂದು ತೆಗೆದುಕೊಂಡಳು. “ದುಂಡಗೆ ಕೆಂಪಗೆ ಗುರುತು ಹಾಕಿದ್ಯಲ್ಲ ಸುದೀಪ, ಆಡಿಗೆ ಗುರುತು ಹಾಕ್ದಂಗೆ.”

ಅವನ ಕಿವಿ ಸುಡುತ್ತಿತ್ತು. ಬೈದಿದ್ದರೆ ಚೆನ್ನಾಗಿತ್ತು, ಎದ್ದು ಬಂದು ಕಪಾಳಕ್ಕೆ ಕೊಟ್ಟಿದ್ದರೆ ಇನ್ನೂ ಚೆನ್ನಾಗಿತ್ತು. ಹುಚ್ಚಮ್ಮ ದನಿ ಏರಿಸಲೇ ಇಲ್ಲ.

“ಅಳಿಸಿದೀನಿ ಚಿಕ್ಕವ್ವ. ತಪ್ಪಾಯ್ತು. ಧನು ಬಂದ ಮೇಲೆ ಅವಳ ಹತ್ರಾನೂ ಕೇಳ್ಕೊಂಡು...”

“ಅದೊಂದು ಮಾಡ್ಬ್ಯಾಡ.” ಜೋಳ ಬಿಡಿಸುತ್ತಿದ್ದ ಕೈ ಮೊದಲ ಸಲ ನಿಂತಿತು. “ಅವಳು ನೋಡಿಲ್ಲ. ಹೊಲಿಗೆ ಹುಡುಗೀರಿಗೆಲ್ಲ ಹೇಳಿವ್ನಿ, ಅವಳ ಮುಂದೆ ಉಸುರು ಬಿಡ್ಬ್ಯಾಡ್ರಿ ಅಂತ. ಶಾಂತಪ್ಪಂಗೂ ಕೈ ಮುಗ್ದೆ. ನೀನು ಹೋಗಿ ತಪ್ಪಾಯ್ತು ಗಿಪ್ಪಾಯ್ತು ಅಂತ ಬಾಯಿ ಬಿಟ್ರೆ ಅಲ್ಲಿಗೆ ಮುಗೀತು. ಅವಳು ತಲೆಯೆತ್ತಿ ತಿರುಗಾಡಾಕೆ ಶುರು ಮಾಡಿ ಆರು ತಿಂಗಳಾಯ್ತು ಕಣಪ್ಪ. ಬ್ಯಾನರ್‌ಗೆ ನಿಲ್ತೀನಿ ಕಣವ್ವ ಅಂತ ದಿನಾ ಕನ್ನಡಿ ಮುಂದೆ ನಿಂತ್ಕೋತಾಳೆ. ಶುಕ್ರವಾರ ಏನೂ ಆಗಿಲ್ದಂಗೆ ಫೋಟ ತೆಗಿ. ನನ್ನಾಣೆ.”

ಸುದೀಪ ತಲೆಯಾಡಿಸಿದ. ಸ್ಕೂಟರ್ ಹತ್ತಿ ಬೇಲಿ ದಾಟಿದ ಮೇಲೆ ಎದೆಯ ಭಾರ ತಟ್ಟನೆ ಇಳಿದಂತಾಯಿತು. ಸದ್ಯ, ಅವಳಿಗೆ ಗೊತ್ತಿಲ್ಲ. ಸದ್ಯ, ಅವಳೆದುರು ನಿಂತು ಏನೂ ಹೇಳಬೇಕಾಗಿಲ್ಲ. ಹಾರಂಗಿ ನಾಲೆಯ ಏರಿಯ ಮೇಲೆ ಬರುವಾಗ ತಾನು ಗುನುಗುತ್ತಿದ್ದೇನೆಂಬುದು ಅವನ ಗಮನಕ್ಕೆ ಬಂತು. ಸ್ಕೂಟರ್ ನಿಲ್ಲಿಸಿಬಿಟ್ಟ. ಒಬ್ಬ ತಾಯಿ ಊರಲ್ಲಿ ಕಂಡವರಿಗೆಲ್ಲ ಕೈ ಮುಗಿದು ಮುಚ್ಚಿಟ್ಟದ್ದರಲ್ಲಿ ತಾನು ಬಚಾವಾಗಿ, ಹಾಡು ಗುನುಗುತ್ತಾ ಹೋಗುತ್ತಿದ್ದೇನೆ. ರೀಲ್ ಹಾಕಿದ್ದಕ್ಕಿಂತ ಇದು ಹೇಸಿಗೆಯೆನಿಸಿತು. ನಾಲೆಯ ನೀರಿಗೆ ಇಳಿದು ಮುಖ ತೊಳೆದುಕೊಂಡ. ತೊಳೆದರೆ ಹೋಗುವಂಥದ್ದಲ್ಲ ಅದು.

ಶುಕ್ರವಾರ ಹತ್ತು ಗಂಟೆಗೆ ಮಡಿಕೇರಿಯಲ್ಲಿ ಮಂಜು ಇನ್ನೂ ಸರಿದಿರಲಿಲ್ಲ. ವನಜಮ್ಮನ ಅಂಗಡಿಯ ಮಹಡಿಯಲ್ಲಿ ಉದ್ದನೆಯ ಹಾಲ್, ಒಂದು ಬದಿಗೆ ದೊಡ್ಡ ಕಿಟಕಿಗಳು. ಸುದೀಪ ಒಂದು ಗಂಟೆ ಮೊದಲೇ ಬಂದು ಎಲ್ಲ ಹೂಡಿದ್ದ. ಬಲಕ್ಕೆ ದೊಡ್ಡ ಸಾಫ್ಟ್‌ಬಾಕ್ಸ್, ಎಡಕ್ಕೆ ಕರಿ ಬಟ್ಟೆಯ ಸ್ಟ್ಯಾಂಡ್, ತಲೆಗೂದಲಿಗೆ ಮೇಲಿನಿಂದ ಒಂದು ಸಣ್ಣ ಬೆಳಕು, ಹಿಂದೆ ತಿಳಿ ಬೂದು ಬಣ್ಣದ ಪರದೆ. ಮೇ ತಿಂಗಳಲ್ಲಿ ಇಟ್ಟಂತೆಯೇ, ಅಂಗುಲವೂ ಆಚೀಚೆಯಾಗದಂತೆ. ಒಂದು ಸಲ ಬಂದ ಆ ನಗು ಇನ್ನೊಂದು ಸಲ ಬಂದರೆ ತನ್ನ ತಪ್ಪು ಅರ್ಧ ತೀರುತ್ತದೆಂದು ಅವನ ಮನಸ್ಸಿನೊಳಗೆ ಒಂದು ಆಸೆ ಕೂತಿತ್ತು.

ಧನುಶ್ರೀ ತನ್ನ ಹೊಲಿಗೆ ಶಿಷ್ಯೆ ಯಮುನಳ ಜೊತೆ ಬಸ್ಸಿನಲ್ಲಿ ಬಂದಳು. ಯಮುನ ಸುದೀಪನ ಮುಖ ನೋಡದೆ ಇಸ್ತ್ರಿ ಪೆಟ್ಟಿಗೆಯ ಹತ್ತಿರ ಹೋದಳು. ಧನುಶ್ರೀ ಮಾತ್ರ ಎಂದಿನಂತೆ ನಕ್ಕು, “ಬೇಗ ಬಂದ್ಬಿಟ್ಟಿದ್ಯಾ ಅಣ್ಣ?” ಎಂದಳು. ವನಜಮ್ಮ ಅವಳನ್ನು ಒಳಕೋಣೆಗೆ ಕರೆದೊಯ್ದು ತಾವೇ ಸೀರೆ ಉಡಿಸಿದರು. ಕೊಡಗಿನ ಕ್ರಮ, ನೆರಿಗೆ ಹಿಂದಕ್ಕೆ, ಸೆರಗು ಬಲ ಭುಜದ ಮೇಲೆ ಬಂದು ಪಿನ್ನು. ಕಡು ಹಸಿರು ರೇಷ್ಮೆ, ಕುಂಕುಮದ ಬಣ್ಣದ ಬ್ಲೌಸು, ಎತ್ತರದ ಕಾಲರ್, ಬೆನ್ನ ಮೇಲೆ ಚಿನ್ನದ ದಾರದಲ್ಲಿ ಭತ್ತದ ತೆನೆಯ ಕಸೂತಿ. ಹನ್ನೊಂದು ದಿನ ಕೂತು ಮಾಡಿದ್ದೆಂದು ಯಮುನ ಯಾರಿಗೋ ಎಂಬಂತೆ ಹೇಳಿದಳು. ಕೆಳಗಿನಿಂದ ಯಾರೋ ಗಿರಾಕಿ ಕರೆದದ್ದಕ್ಕೆ ವನಜಮ್ಮ “ಈಗ ಬಂದೆ, ಶುರು ಮಾಡಿ” ಎಂದು ಇಳಿದುಹೋದರು.

ಧನುಶ್ರೀ ಪರದೆಯ ಮುಂದೆ ಬಂದು ನಿಂತಳು. ಬೆನ್ನು ಕ್ಯಾಮೆರಾದ ಕಡೆಗಿತ್ತು. ಸೆರಗು ಸರಿಮಾಡಿಕೊಳ್ಳುತ್ತಿದ್ದಾಳೆಂದುಕೊಂಡು ಸುದೀಪ ಕಾದ. ಸೆರಗು ಸರಿಯಾಗಿಯೇ ಇತ್ತು.

“ಈ ಕಡೆ ತಿರುಗು ಧನು. ಒಂದ್ಸಲ ಬೆಳಕು ನೋಡ್ಕೋತೀನಿ.”

“ಹಿಂಗೇ ತೆಗಿ ಅಣ್ಣ.”

“ಮೇಡಂಗೆ ಮುಖ ಬೇಕಲ್ಲ.”

“ನಂಗೆ ಬ್ಯಾಡ.”

ದನಿಯಲ್ಲಿ ಮುನಿಸಿರಲಿಲ್ಲ, ಅಂಗಡಿಯಲ್ಲಿ ಈ ಬಣ್ಣ ಬೇಡ ಅನ್ನುವ ಹಾಗಿತ್ತು. ಸುದೀಪನ ಕೈಯಲ್ಲಿ ಕ್ಯಾಮೆರಾ ಕಲ್ಲಿನಷ್ಟು ಭಾರವಾಯಿತು. ಅವನು ಅವಳ ಬೆನ್ನಿಗೆ ಕೇಳಿದ: “ನೋಡಿದ್ಯಾ?”

“ಹಾಕಿದ ದಿನಾನೇ ನೋಡ್ದೆ. ನಾನೂ ನಿನ್ನ ಪೇಜ್ ಫಾಲೋ ಮಾಡ್ತೀನಲ್ಲ ಅಣ್ಣ, ನಿನ್ನ ಪಾಠ ಎಲ್ಲಾನೂ ನೋಡ್ತೀನಿ.” ಕಾಲರ್ ನೆಟ್ಟಗೆ ಮಾಡಿಕೊಂಡು ಹೇಳಿದಳು: “ಅವ್ವ ಬಚ್ಚಿಡ್ತಾ ಅವಳೆ, ಪಾಪ. ನಂಗೆ ಗೊತ್ತಿಲ್ಲ ಅಂತಾನೇ ಅಂದ್ಕೊಂಡಿರಲಿ, ಅವಳಿಗೆ ಹೇಳ್ಬ್ಯಾಡ.”

ಮೂವತ್ತೆಂಟು ಸಾವಿರ ಮಂದಿ ತನ್ನನ್ನು ಫಾಲೋ ಮಾಡುತ್ತಾರೆಂದು ಹೇಳಿಕೊಂಡು ತಿರುಗುತ್ತಿದ್ದವನಿಗೆ, ಅವರಲ್ಲಿ ಇವಳೂ ಒಬ್ಬಳೆಂಬುದು ಒಂದು ಸಲವೂ ನೆನಪಾಗಿರಲಿಲ್ಲ. ಸುದೀಪ ಹತ್ತಿರದ ಸ್ಟೂಲಿನ ಮೇಲೆ ಕೂತ.

“ತಪ್ಪಾಯ್ತು ಧನು. ಅಳಿಸ್ತೀನಿ ಅಂದು ಅಳಿಸ್ಲಿಲ್ಲ. ಕೇಳದೆ ಹಾಕ್ಬಿಟ್ಟೆ. ದೊಡ್ಡ ತಪ್ಪು.”

ಆಗ ಅವಳು ತಿರುಗಿದಳು. ಕಿಟಕಿಯ ಬೆಳಕು ಎಡ ಕೆನ್ನೆಗೇ ಬಿದ್ದಿತ್ತು. ಅಭ್ಯಾಸ ಎಂಥ ಕೆಟ್ಟದ್ದೆಂದರೆ, ಆ ಹೊತ್ತಿನಲ್ಲೂ ಅವನ ಕಣ್ಣು ಮೊದಲು ದವಡೆಗೆ ಹೋಯಿತು. ಹೋದದ್ದನ್ನು ಅವಳು ಕಂಡಳು.

“ಕಲೆ ಕಂಡ್ತು ಅಂತ ನಂಗೆ ಬ್ಯಾಸರ ಇಲ್ಲ ಅಣ್ಣ. ಊರಿಗೆಲ್ಲ ಗೊತ್ತಿರೋ ಕಲೆ. ಯಾರೋ ದೆವ್ವ ಅಂತ ಬರ್ದವ್ನೆ, ಅವನಿಗೆ ನೀನು ಹಾರ್ಟ್ ಕೊಟ್ಟಿದ್ಯ, ಅದನ್ನೂ ನೋಡ್ದೆ. ನೋಡ್ಕಂಡೇ ಒತ್ತಿರಾಕಿಲ್ಲ ಅಂತ ಅಂದ್ಕೊಂಡೆ. ಆದ್ರೆ ಅವತ್ತು ನಾನು ನಿನ್ನ ಮುಂದೆ ಕೂತಾಗ ನೀನು, ಏನೂ ಇಲ್ಲ ಬಿಡು ಧನು, ಎಲ್ಲ ಬೆಳಕಿನ ವಿಷಯ ಅಂದೆ. ನಾನು ನಂಬಿದ್ದೆ. ಆರು ತಿಂಗಳು ಅದೇ ಮಾತು ನಂಬ್ಕೊಂಡು ಬಸ್ಸಿನಾಗೆ ಮುಸುಕು ಇಲ್ದೆ ಕೂತೆ. ವಿಡಿಯೋದಾಗೆ ಈ ಮುಖದಲ್ಲಿ ದೊಡ್ಡ ದೋಷ ಎಲ್ಲಿದೆ ಅಂತೀಯ. ಅದೇ ಗಂಟಲು, ಅದೇ ಪ್ರೀತಿ ದನಿ.” ಅವಳ ಕೆಳತುಟಿ ಒಂದು ಸಲ ಅದುರಿತು, ತಡೆದುಕೊಂಡಳು. “ಎರಡರಾಗೆ ಯಾವ್ದು ನಿಂಗೆ ನಿಜ? ಹೇಳು, ಈ ಕಡೆ ನಿಲ್ತೀನಿ.”

ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಅವತ್ತು ಹೇಳಿದ್ದೇ ನಿಜ ಎಂದು ಥಟ್ಟನೆ ಹೇಳಿದ್ದರೆ ಅವಳು ಬಹುಶಃ ನಿಂತೇಬಿಡುತ್ತಿದ್ದಳು. ಸುದೀಪನಿಗೂ ಅದು ಗೊತ್ತಿತ್ತು. ಆದರೆ ಇದೇ ಹುಡುಗಿಗೆ ಒಂದು ಸಲ ಹಾಗೆ ಥಟ್ಟನೆ ಹೇಳಿ ಆಗಿತ್ತು. ಅವನು ತನ್ನೊಳಗೆ ಹುಡುಕಿದ. ಮೇ ತಿಂಗಳ ಆ ಮಧ್ಯಾಹ್ನ ಅವಳು ಬಾಗಿಲಲ್ಲಿ ನಿಂತಾಗ ತಾನು ಮೊದಲು ನೋಡಿದ್ದೇನು? ಬೇಲಿಯಾಚೆಯಿಂದ ಅಣ್ಣ ಅಣ್ಣ ಎಂದು ಕೂಗುತ್ತಿದ್ದ ಧನುವನ್ನಲ್ಲ. ಎಡ ದವಡೆ, ಮೂರು ಅಂಗುಲ, ಕಷ್ಟದ ಕೇಸು. ಅದನ್ನೇ ನೋಡಿದ್ದ. ಇಪ್ಪತ್ತು ವರ್ಷದಿಂದ ಕಂಡ ಹುಡುಗಿಯಲ್ಲೂ ಅದನ್ನೇ.

ಅವನ ಕಣ್ಣಲ್ಲಿ ನೀರು ಬಂತು, ಅದಕ್ಕೂ ನಾಚಿಕೆಯಾಯಿತು. ಅಳಬೇಕಾದವಳು ಅಳದೆ ನಿಂತಿರುವಾಗ ತಾನು ಅಳುವುದೇ?

ಧನುಶ್ರೀ ಸ್ವಲ್ಪ ಹೊತ್ತು ಕಾದಳು. ನಿಜವಾಗಿಯೂ ಕಾದಳು, ಉತ್ತರ ಬಂದರೆ ಬರಲಿ ಎಂಬಂತೆ. ಆಮೇಲೆ, “ಹೋಗ್ಲಿ ಬಿಡಣ್ಣ. ಮೇಡಂ ಬಂದ್ಬಿಡ್ತಾರೆ, ತೆಗಿ,” ಎಂದು ಪರದೆಯ ಕಡೆ ತಿರುಗಿ ನಿಂತಳು.

ಸುದೀಪ ಎದ್ದ. ಎಡಗಡೆಯ ಕರಿ ಬಟ್ಟೆಯನ್ನು ತೆಗೆದು ಸುತ್ತಿಟ್ಟ, ಅದರ ಕೆಲಸವಿರಲಿಲ್ಲ. ಕಸೂತಿಯ ದಾರ ಎದ್ದು ಕಾಣಬೇಕೆಂದರೆ ಬೆಳಕು ಎದುರಿನಿಂದಲ್ಲ, ಪಕ್ಕದಿಂದ, ಬಟ್ಟೆಯನ್ನು ಸವರಿಕೊಂಡು ಹೋಗುವಂತೆ ಬರಬೇಕು. ದೀಪವನ್ನು ಬದಿಗೆ ಸರಿಸಿ ಎತ್ತರ ಇಳಿಸಿದ. ಕೂದಲನ್ನು ಮುಂದಕ್ಕೆ ಹಾಕಲು ಯಮುನಳಿಗೆ ಹೇಳಿದ. ತೂಕ ಒಂದೇ ಕಾಲಿನ ಮೇಲೆ ಹಾಕಲು ಧನುಶ್ರೀಗೆ ಹೇಳಬೇಕಿತ್ತು, ಬೆನ್ನಿನ ಗೆರೆ ಆಗ ಚಂದ ಬರುತ್ತದೆ. ಹೇಳಬೇಕಾಗಲಿಲ್ಲ, ಅವಳು ತಾನಾಗಿಯೇ ಹಾಗೆ ನಿಂತಿದ್ದಳು. ಮೂರು ವರ್ಷದ ಅಭ್ಯಾಸ. ಸುದೀಪ ಒತ್ತುತ್ತಾ ಹೋದ. ಫೋಟೋ ಚೆನ್ನಾಗಿ ಬರುತ್ತಿತ್ತು. ಅವನು ಇದುವರೆಗೆ ತೆಗೆದದ್ದರಲ್ಲೆಲ್ಲ ಚೆನ್ನಾಗಿ ಬರುತ್ತಿತ್ತು. ಕೈ ಕೆಟ್ಟುಹೋಗಬಾರದೇ, ಒಂದಾದರೂ ಮಸುಕಾಗಬಾರದೇ ಎಂದು ಮನಸ್ಸು ಹಾರೈಸುತ್ತಿತ್ತು. ಕೈ ಕೇಳಲಿಲ್ಲ.

ವನಜಮ್ಮ ಏದುಸಿರು ಬಿಡುತ್ತಾ ಮೇಲೆ ಬಂದರು. “ಎಲ್ಲಿ, ಎಷ್ಟಾಯ್ತು? ತೋರಿಸಿ ಮಾರಾಯ್ರೆ.” ಕ್ಯಾಮೆರಾದ ಪರದೆಗೆ ಬಗ್ಗಿದರು. ಮೊದಲು ಹುಬ್ಬು ಗಂಟಿಕ್ಕಿತು, ಮುಖ ಎಲ್ಲಿ ಎನ್ನುವಂತೆ. ಆಮೇಲೆ ಒಂದೊಂದಾಗಿ ನೋಡುತ್ತಾ ಗಂಟು ಸಡಿಲಾಯಿತು. ಹಸಿರು ಸೀರೆಯ ನೆರಿಗೆ ನೀಟಾಗಿ ಇಳಿದಿತ್ತು, ಚಿನ್ನದ ತೆನೆಗಳು ಬೆನ್ನ ಮೇಲೆ ಗಾಳಿಗೆ ಬಾಗಿದಂತಿದ್ದವು.

“ಅಯ್ಯೋ, ಇದು ನನಗೆ ಯಾಕೆ ಹೊಳೀಲಿಲ್ಲ? ನಮ್ಮ ಕೊಡಗಿನ ಸೀರೆಗೆ ನೆರಿಗೆ ಇರೋದೇ ಹಿಂದೆ. ಬೆನ್ನೇ ತಾನೆ ತೋರಿಸ್ಬೇಕಾದ್ದು! ಮುಖ ಇದ್ದಿದ್ರೆ ಎಲ್ಲರೂ ಮುಖ ನೋಡ್ತಿದ್ರು, ಸೀರೆ ಯಾರು ನೋಡ್ತಿದ್ರು?” ಎಂದು ಚಪ್ಪಾಳೆ ತಟ್ಟಿದರು. “ಯಾರ ಐಡಿಯಾ ಇದು?”

ಸುದೀಪ ಹೇಳಲೆಂದು ತಲೆಯೆತ್ತಿದ. ಎಲ್ಲವನ್ನೂ, ವನಜಮ್ಮನ ಎದುರು, ಯಮುನಳ ಎದುರು, ಈಗಲೇ ಹೇಳಿಬಿಡಬೇಕೆಂದು ಉಸಿರೆಳೆದುಕೊಂಡ.

“ಸುದೀಪಣ್ಣಂದೇ ಮೇಡಂ,” ಎಂದಳು ಧನುಶ್ರೀ, ಭುಜದ ಪಿನ್ನು ಬಿಚ್ಚಿಕೊಳ್ಳುತ್ತಾ. “ನಂಗಾಗಿದ್ರೆ ಹೊಳೀತಾನೇ ಇರ್ಲಿಲ್ಲ.”

ಸುದೀಪ ತಲೆ ತಗ್ಗಿಸಿದ. ವನಜಮ್ಮ ಅದನ್ನು ವಿನಯ ಅಂದುಕೊಂಡರು.